ಕಾಯಾಕು

ಕೆಂಪಾಜಮ್ಮನಿಗೆ ಏನೊಂದೂ ಅರ್ಥವಾಗಲಿಲ್ಲ. ಕಂಪನಿಯ ಯಜಮಾನ ಹೇಳಿದ್ದನ್ನೇ ಮಾಡಿದ್ದಳು. ಅದಕ್ಕೇ ಯಜಮಾನ ಸಿಟ್ಟಿನಿಂದ ಕುಣಿದಾಡುತ್ತಿದ್ದ!

ಕೊಳ್ಳೇಗಾಲದ ಕಡೆಯಿಂದ ತಿರುಪ್ಪೂರಿಗೆ ಬಂದು ಎಂಟೇ ದಿನ. ಗಂಡ ಕಾಲು ಮುರಿದುಕೊಂಡು ಮಲಗಿದ್ದ, ಈ ಬನಿಯನ್ ಕಂಪನಿಯ ಕೆಲಸ ಹೋದರೆ ಒಲೆ ಹೊತ್ತಿಸುವ ಹಾಗಿರಲಿಲ್ಲ. ಯಜಮಾನ ಚೆನ್ನಿಯಪ್ಪನ್‌ನ ಮನೆಮಾತು ಕನ್ನಡವೇ, ತಾತನ ಕಾಲದಿಂದ ಇಲ್ಲೇ ನೆಲೆಸಿದ ನೇಕಾರರ ಮನೆ. ಅವಳ ಮಾತು ಕೇಳಿ ಹಿಗ್ಗಿಹೋಗಿ ಅವತ್ತೇ ಕೆಲಸ ಕೊಟ್ಟಿದ್ದ.

ಶನಿವಾರ ಟೀ ಆದಮೇಲೆ ಮೇಸ್ತ್ರಿ ಶಿವಗಾಮಿ ಅರ್ಧ ಗಂಟೆ ಮೆಷಿನ್ ನಿಲ್ಲಿಸಿ ಎಲ್ಲರಿಗೂ ಪಾಠ ಮಾಡುತ್ತಿದ್ದಳು. ಹೇಳಿದ ಮಾತು ಎಲ್ಲರಿಗೂ ಒಂದೇ ಥರ ಅರ್ಥವಾಗಲಿ ಎಂದು ಒಂದೊಂದು ಕೆಲಸದ ಹೆಸರು ಹೇಳಬೇಕು, ಹೇಳಿದವರು ಮಾಡಿ ತೋರಿಸಬೇಕು. ಚೆನ್ನಿಯಪ್ಪನ್‌ಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಯಾವ ತೊಂದರೆ ಬಂತು ಅಂತ ಈ ಪಾಡಂ?" ಎನ್ನುತ್ತಿದ್ದ. ಕಳೆದ ಶನಿವಾರ ಕೆಂಪಾಜಮ್ಮ ಹೋಗಿ ಕೂತಾಗ ಎಬ್ಬಿಸಿಬಿಟ್ಟ. "ಇವಳು ನಮ್ಮವಳು. ನಮ್ಮ ಮಾತು ಬತ್ತದೆ. ಇವಳಿಗೇನು ಪಾಡಂ? ಹೋಗಮ್ಮ, ಗೋಡೌನ್ ಗುಡ್ಸು."

ಇವತ್ತು ಮಂಗಳವಾರ. ಸಂಜೆಗೆ ಬೊಂಬಾಯಿಯ ಏಜೆಂಟ್ ಸ್ಯಾಂಪಲ್ ನೋಡಲು ಬರುವವನಿದ್ದ. ಬೆಳಿಗ್ಗೆ ಆಗತಾನೇ ಕೆಂಪು ಬಣ್ಣ ಹಾಕಿದ ಬಟ್ಟೆಯ ಕಟ್ಟನ್ನು ಚೆನ್ನಿಯಪ್ಪನ್ ಅವಳ ಕೈಗಿತ್ತು, "ಬಿರ್ರನೆ ಕಾಯಾಕು" ಎಂದು ಹೊರಟುಹೋದ. ಕಾಯಕ್ಕೆ ಹಾಕುವುದು ನೀರು, ಹಾಲು. ಬಟ್ಟೆಯನ್ನೂ ಹಾಕುತ್ತಾರಾ? ಬಣ್ಣದ ಊರು, ಇರಬಹುದು! ಹಿತ್ತಲಲ್ಲಿ ಸೋಪಿನ ನೀರಿನ ಅಂಡೆ ಕೊತಕೊತ ಕುದಿಯುತ್ತಿತ್ತು. ಅದರೊಳಗೆ ಹಾಕಿದಳು. ನೀರು ಕೆಂಪಾಯಿತು, ಬಟ್ಟೆ ಅಲ್ಲಲ್ಲಿ ಬಿಳಿಚಿಕೊಂಡಿತು. ಅಷ್ಟರಲ್ಲಿ ಚೆನ್ನಿಯಪ್ಪನ್ ವಾಪಸು ಬಂದ.

"ಅಯ್ಯೋ ಪಾವಿ! ಕಾಯಾಕು ಅಂತ ತಾನೇ ಹೇಳ್ದೆ! ನಡಿ ಮನೆಗೆ!"

"ಕಾಯಕ್ಕೇ ಹಾಕಿವ್ನಿ ಕನಣ್ಣ," ಎಂದಳು. "ಇನ್ನೆಂಗೆ ಹಾಕ್ಬೇಕು, ನೀವೇ ಹೇಳಿ."

"ನೋಡು, ಎದುರು ಮಾತು ಬೇರೆ!"

ಗಲಾಟೆ ಕೇಳಿ ಶಿವಗಾಮಿ ಬಂದಳು. ಕನ್ನಡ ಅವಳಿಗೆ ಬಾರದು. ಶನಿವಾರದ ಹಾಗೆಯೇ, ಮಾಡಿ ತೋರಿಸು ಎಂದು ಕೈಸನ್ನೆ ಮಾಡಿದಳು. ಕೆಂಪಾಜಮ್ಮ ಕುಕ್ಕರುಗಾಲಲ್ಲಿ ಕೂತು, ಇಲ್ಲದ ಒಲೆಗೆ ಉಫ್ ಉಫ್ ಎಂದು ಊದಿ ತೋರಿಸಿದಳು. ಶಿವಗಾಮಿ ತಲೆ ಚಚ್ಚಿಕೊಂಡು, ಹಗ್ಗದ ಮೇಲೆ ಬಿಸಿಲಿಗೆ ಹರಡುವ ಹಾಗೆ ಕೈಯಾಡಿಸಿದಳು.

"ಅದು ಒಣಗಾಕೋದಲ್ವಾ!" ಎಂದಳು ಕೆಂಪಾಜಮ್ಮ.

ಕೆಲಸದ ಹುಡುಗಿಯರೆಲ್ಲ ಗೊಳ್ಳೆಂದರು. ಚೆನ್ನಿಯಪ್ಪನ್ ನಗಲಿಲ್ಲ. 'ಒಣಗಾಕೋದು' ಎಂದು ತನ್ನಷ್ಟಕ್ಕೆ ಎರಡು ಸಲ ಅಂದುಕೊಂಡ. ಅಜ್ಜಿ ಆಡುತ್ತಿದ್ದ ಮಾತು, ಅವಳ ಜೊತೆಗೇ ಮನೆಯಿಂದ ಹೋಗಿಬಿಟ್ಟಿತ್ತು. ಈಗ ಅವನ ಮನೆಯಲ್ಲಿ ಒಣಗಿಸುವುದಕ್ಕೂ ತಮಿಳಿನ ಹಾಗೆ 'ಕಾಯಾಕೋದು' ಎಂದೇ.

"ಸರಿ, ಸರಿ. ಏಜೆಂಟ್‌ನ ನಾಳೆ ಬಾ ಅಂತೀನಿ," ಎಂದು ಗೊಣಗಿದ. "ಹೊಸಾ ಬಟ್ಟೆಗೆ ಬಣ್ಣ ಹಾಕ್ಬೇಕು. ಏಮ್ಮಾ, ಆ ಮೂಟೆ ತೂಕು."

ಕೆಲಸ ಉಳಿಯಿತೋ ಹೋಯಿತೋ ಕೆಂಪಾಜಮ್ಮನಿಗೆ ತಿಳಿಯಲಿಲ್ಲ. ತಕ್ಕಡಿಯ ಕಡೆಗೆ ಎರಡು ಹೆಜ್ಜೆ ಇಟ್ಟವಳು ಹೆದರಿ ನಿಂತುಬಿಟ್ಟಳು.

"ಅಣ್ಣ, ತೂಕ ಹಾಕ್ಲಾ, ಎತ್ಲಾ?"

ಎತ್ತು ಎನ್ನುವುದಕ್ಕೇ ಅವನು ತಮಿಳಿನ ಹಾಗೆ 'ತೂಕು' ಎಂದಿದ್ದ. ಮೇಸ್ತ್ರಿಯ ಕಡೆಗೆ ತಿರುಗಿದ.

"ಶಿವಗಾಮಿ, ಮೆಷಿನ್ ನಿಲ್ಸು. ಪಾಡಂ ಶುರು ಮಾಡು," ಎಂದು ತಮಿಳಿನಲ್ಲಿ ಹೇಳಿದ.

"ಇವತ್ತು ಮಂಗಳವಾರ ಅಣ್ಣಾ."

ಚೆನ್ನಿಯಪ್ಪನ್ ಪಂಚೆ ಮಡಚಿಕೊಂಡು ನೆಲದ ಮೇಲೆ ಕೂತ. ಪಕ್ಕದಲ್ಲಿ ಕೂರು ಎಂದು ಕೆಂಪಾಜಮ್ಮನಿಗೆ ಕೈ ತೋರಿಸಿದ.