ಅಂಗೈಯ ವಾಸನೆ

ಅಂಗೈಯನ್ನು ಮತ್ತೊಮ್ಮೆ ಮೂಗಿಗೆ ಹಿಡಿದ. ಏನೂ ಇಲ್ಲ. ನಿಂಬೆಯ ಹೋಳಿನಲ್ಲಿ ತಿಕ್ಕಿ ಆಯಿತು, ಸೋಪಿನಲ್ಲಿ ಆಯಿತು, ಸೀಗೆಪುಡಿಯಲ್ಲೂ ಆಯಿತು. ನಿಂಬೆಯ ವಾಸನೆಯೂ ಇಲ್ಲ, ಸೀಗೆಯದೂ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಕೊರೋನಾ ಬಂದು ಹೋಗುವಾಗ ಮರುಳಸಿದ್ದಯ್ಯನ ಮೂಗಿನ ಶಕ್ತಿಯನ್ನು ಜೊತೆಗೇ ಒಯ್ದಿತ್ತು. ಇನ್ನೇನು ಬಂದೇಬಿಡುತ್ತದೆ ಎಂದು ಧೈರ್ಯ ಹೇಳಿದ್ದ ಡಾಕ್ಟರು ವರ್ಗವಾಗಿ ಹೋದರು, ವಾಸನೆ ಬರಲಿಲ್ಲ.

ಮೂಸುವ ಚಟ ಮಾತ್ರ ಉಳಿದಿತ್ತು. ತಾನು ನಾರುತ್ತಿದ್ದೇನೋ ಇಲ್ಲವೋ ಎಂಬುದನ್ನು ಈಗ ಎದುರಿಗಿದ್ದವರ ಮುಖದಲ್ಲಿ ಓದಿಕೊಳ್ಳಬೇಕು. ಬಸ್ಸಿನಲ್ಲಿ ಪಕ್ಕದವನು ಕಿಟಕಿ ಸರಿಸಿದರೆ ಒಂದು ಅರ್ಥ, ಮದುವೆಮನೆಯಲ್ಲಿ ಯಾರೋ ಎದ್ದು ಬೇರೆ ಪಂಕ್ತಿಗೆ ಹೋದರೆ ಇನ್ನೊಂದು. ಕಿಟಕಿಯನ್ನು ಗಾಳಿಗಾಗಿ ಸರಿಸುವವರೂ ಇರುತ್ತಾರೆ ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ.

"ಸಾರ್, ಹೊರಡ್ರಿ. ಹೊತ್ತಾಯ್ತದೆ," ಎಂದ ತಿಪ್ಪಯ್ಯ. ಕೆರೆ ಏರಿಯ ಕೆಳಗಿನ ಈ ಮೀನುಮರಿ ಕೇಂದ್ರದಲ್ಲಿ ಅವನು ದಿನಗೂಲಿ. ಮರುಳಸಿದ್ದಯ್ಯ ಅಧಿಕಾರಿ. ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಪರಿಚಯ ಬೆಳೆಯಲು ಅವನು ಬಿಟ್ಟಿರಲಿಲ್ಲ.

ಕಾಟ್ಲ, ರೋಹು ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಳೆ ಬೇಕು. ಸೆಳವಿಗೆ ಎದುರಾಗಿ ಈಜಬೇಕು. ಹೇಳಿಕೊಳ್ಳುವಂಥ ಹೊಳೆಯೊಂದೂ ಇಲ್ಲದ ಈ ತೆಂಗಿನ ಸೀಮೆಯಲ್ಲಿ ಅವಕ್ಕೆ ಹೊಳೆಯಿದೆಯೆಂದು ನಂಬಿಸುವುದೇ ಅವನಿಗೆ ಸಿಕ್ಕ ಸರ್ಕಾರಿ ಕೆಲಸ. ಗುಂಡಗಿನ ಸಿಮೆಂಟಿನ ತೊಟ್ಟಿ, ಓರೆಯಾಗಿ ನೀರು ಚಿಮ್ಮುವ ಪೈಪುಗಳು, ಮೀನಿನ ಮೈಗೊಂದು ಇಂಜೆಕ್ಷನ್. ಎಲ್ಲಿಗೋ ಹೋಗುತ್ತಿದ್ದೇನೆಂದುಕೊಂಡು ಮೀನು ಅಲ್ಲೇ ಸುತ್ತುತ್ತದೆ. ಸುತ್ತಿ ಸುತ್ತಿ ಬೆಳಗಿನ ಹೊತ್ತಿಗೆ ಮೊಟ್ಟೆ ಬಿಟ್ಟುಬಿಡುತ್ತದೆ.

ಈ ಮುಂಗಾರಿನಲ್ಲಿ ಆ ಉಪಾಯವೂ ಕೈಕೊಟ್ಟಿತ್ತು. ಪ್ರತಿ ಸಲವೂ ಮೀನುಗಳು ಸುತ್ತಿ ಸುಸ್ತಾಗಿ ಸುಮ್ಮನಾದವು. ಇವತ್ತು, ಬೇರೆ ಯಾವ ದಿನವೂ ಅಲ್ಲದೆ ಅವ್ವನ ವರ್ಷದ ಕಾರ್ಯದ ದಿನವೇ, ತೊಟ್ಟಿ ತುಂಬ ಮೊಟ್ಟೆ. ಸಾಬೂದಾನಿ ಬೆಂದಂತೆ ತಿಳಿಯಾದ ಮಣಿಗಳು. ಬೆಳಿಗ್ಗೆ ಇಬ್ಬರೂ ಸೇರಿ ಅವನ್ನು ಮರಿ ಒಡೆಯುವ ತೊಟ್ಟಿಗೆ ಸಾಗಿಸಿದ್ದರು. ಅಲ್ಲೂ ನೀರು ತಿರುಗುತ್ತಲೇ ಇರಬೇಕು. ನಿಂತರೆ ಮೊಟ್ಟೆ ತಳ ಸೇರಿ, ಉಸಿರುಕಟ್ಟಿ, ಬೆಳ್ಳಗಾಗುತ್ತದೆ.

"ಕರೆಂಟ್ ಹೋದ್ರೆ?" ಎಂದು ತಿಪ್ಪಯ್ಯ ಕೇಳಿದ.

"ಫೋನ್ ಮಾಡು. ನನ್ನ ಕೇಳದೆ ಏನನ್ನೂ ಮುಟ್ಟಬೇಡ."

ಇದು ಅವನು ದಿನವೂ ಹೇಳುವ ಮಾತು. ಹಿಂದೊಮ್ಮೆ ಡೀಸೆಲ್ ಕಳುವಾದಾಗಿನಿಂದ ಜನರೇಟರ್ ರೂಮಿಗೆ ಬೀಗ ಹಾಕಿ ಬೀಗದಕೈಯನ್ನು ತನ್ನ ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ.

ಬೈಕ್ ಹತ್ತುವಾಗ ಅವನ ತಲೆಯಲ್ಲಿದ್ದದ್ದು ಮೊಟ್ಟೆಯಲ್ಲ, ಅಣ್ಣ ಶಂಭುಲಿಂಗಯ್ಯ ಬೆಳಿಗ್ಗೆ ಫೋನಿನಲ್ಲಿ ಆಡಿದ ಒಂದು ಮಾತು.

"ಬತ್ತೀಯೇನ್ಲಾ?"

"ಬತ್ತೀನಿ ಅಣ್ಣ. ಪಾದಪೂಜೆಗೆ..."

"ಪಾದಪೂಜೆನಾ?" ಎಂದ ಅಣ್ಣ. "ಬಾ, ನೋಡಾಣ."

ನೋಡಾಣ. ನೋಡುವುದೇನಿದೆ? ಹೋದ ವರ್ಷ ಅವ್ವ ಪುಟ್ಟಗಂಗಮ್ಮ ತೀರಿಕೊಂಡಾಗ ಹನ್ನೊಂದನೇ ದಿನ ಜಂಗಮ ಅಯ್ಯನವರ ಪಾದ ತೊಳೆದದ್ದು ಅಣ್ಣನೊಬ್ಬನೇ. ಇವನು ತೆಂಗಿನ ಮರಕ್ಕೊರಗಿ ಹಿಂದೆ ನಿಂತಿದ್ದ. ಕೂರು ಎಂದು ಯಾರೂ ಹೇಳಲಿಲ್ಲ. ಕೂರಬೇಡ ಎಂದೂ ಹೇಳಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೀನು ಸಾಕುವವನ ಕೈನೀರು ಅಯ್ಯನವರ ಪಾದಕ್ಕೆ ಬೇಡವೆಂದು ಎಲ್ಲರೂ ಒಳಗೊಳಗೇ ತೀರ್ಮಾನಿಸಿದ್ದಾರೆ ಎಂದು ಅವನು ತಿಳಿದುಕೊಂಡ. ಹೆಂಡತಿ ಶಾಂತಕುಮಾರಿ ನೆಂಟರೆದುರು ಅವನದು ಕೃಷಿ ಇಲಾಖೆ ಎಂದೇ ಹೇಳುತ್ತಿದ್ದಳು. ಅವನು ಒಂದು ದಿನವೂ ತಿದ್ದಲಿಲ್ಲ.

ಇವತ್ತು ಕೂರಬೇಕು. ಒಂದು ತಂಬಿಗೆ ನೀರು ಸುರಿಯುವಷ್ಟು ಹೊತ್ತಾದರೂ ಅವ್ವನ ಮಗನಾಗಿ ಕೂರಬೇಕು. ಅಷ್ಟೇ ಅವನ ಆಸೆ, ಅದೂ ಹೆಚ್ಚಾಯಿತೇನೋ ಎಂಬ ಅಳುಕು.

ಹುಟ್ಟೂರು ಹಾಲ್ಕುರಿಕೆಯ ತೋಟದಂಚಿನಲ್ಲಿ ಪಂಪಿನ ಮೋಟರು ಮನೆ. ಅಲ್ಲಿ ಬೈಕ್ ನಿಲ್ಲಿಸಿದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶನಿವಾರ ಮನೆಗೆ ಬಂದಾಗ ಅತ್ತಿಗೆ ಗಂಗಕ್ಕ ಮೂಗಿಗೆ ಸೆರಗು ಹಿಡಿದಿದ್ದಳು. ಒಲೆಯ ಹೊಗೆಗಿರಬಹುದು, ಅವನು ವಿಚಾರಿಸಲಿಲ್ಲ. ಮರುವಾರದಿಂದಲೇ ಕೇಂದ್ರದ ಬಟ್ಟೆಯನ್ನು ಈ ಮೋಟರು ಮನೆಯ ಗೂಟಕ್ಕೆ ನೇತುಹಾಕಿ, ತೊಟ್ಟಿಯ ನೀರು ಸುರಿದುಕೊಂಡು, ಒಗೆದ ಪಂಚೆಯುಟ್ಟು ಊರೊಳಗೆ ಹೋಗುವುದನ್ನು ರೂಢಿ ಮಾಡಿಕೊಂಡ.

ಹೊಸಿಲಲ್ಲಿ ಅವ್ವ ಕಾದಿರುತ್ತಿದ್ದಳು. "ಎಲ್ಲಿ, ಕೈ ಕೊಡು," ಎನ್ನುವಳು. ಎರಡೂ ಅಂಗೈಯನ್ನು ತನ್ನ ಮುಖಕ್ಕೆ ಒತ್ತಿ ಹಿಡಿದು ಮೂಸುವಳು. ಬೇಗ ಬಿಡುತ್ತಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗುತ್ತಿತ್ತು. ಕೊನೆಗೆ, "ಹೂಂ, ಬಾ," ಎಂದು ದಾರಿ ಬಿಡುವಳು. ನಾರುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ನಾರುವುದಿಲ್ಲ ಎಂದೂ ಹೇಳಲಿಲ್ಲ. ಅವನ ಕೂದಲು ನರೆತರೂ ಆ ತಪಾಸಣೆ ತಪ್ಪಲಿಲ್ಲ.

ಇವತ್ತು ತೊಟ್ಟಿಯ ನೀರನ್ನು ಎಂದಿಗಿಂತ ಹೆಚ್ಚು ಸುರಿದುಕೊಂಡ. ಪ್ಯಾಂಟು, ಅಂಗಿ, ಬೆಲ್ಟು ಗೂಟಕ್ಕೆ ಹೋದವು. ಫೋನನ್ನು ಪಂಚೆಗೆ ಸಿಕ್ಕಿಸಿಕೊಳ್ಳಲು ಹೋದವನು ತಡೆದ. ಬೆಳಿಗ್ಗೆ ಮೊಟ್ಟೆ ಮುಟ್ಟಿದ ಕೈಯಲ್ಲೇ ಮುಟ್ಟಿದ ಫೋನು. ಅದನ್ನೂ ಪ್ಯಾಂಟಿನ ಜೇಬಿಗೆ ಹಾಕಿದ. ಜೇಬಿನಲ್ಲಿ ಬೀಗದಕೈ ತಗುಲಿದ್ದು ಬೆರಳಿಗೆ ಗೊತ್ತಾಯಿತು, ಮನಸ್ಸಿಗೆ ಗೊತ್ತಾಗಲಿಲ್ಲ.

ತೋಟದೊಳಗೆ ಅವ್ವನ ಸಮಾಧಿಗೆ ಸುಣ್ಣ ಬಳಿದು ಹೂವು ಹಾಕಿದ್ದರು. ಅಯ್ಯನವರು ಆಗಲೇ ಮಣೆಯ ಮೇಲೆ ಕೂತಿದ್ದರು. ಮರುಳಸಿದ್ದಯ್ಯ ಹೋದ ವರ್ಷದ ಅದೇ ಮರಕ್ಕೊರಗಿ ನಿಂತ.

"ಅದ್ಯಾಕ್ಲಾ ಅಲ್ಲಿ ನಿಂತ್ಕಂಡೆ? ಬಾ, ಕೂತ್ಕ," ಎಂದ ಅಣ್ಣ.

"ನಾನಾ?"

"ಇನ್ಯಾರು? ನನ್ನ ಮಂಡಿ ಹಾಳಾಗೋಗಿ ಕೆಳಗೆ ಕೂರಾಕೆ ಆಗಕಿಲ್ಲ. ಫೋನಲ್ಲೇ ಹೇಳಾಣ ಅಂದ್ಕಂಡೆ, ಎದುರಿಗೇ ನೋಡಾಣ ಅಂತ ಸುಮ್ಕಾದೆ. ಹೋದ ಸಲವೂ ಕೂರ್ತೀಯೇನೋ ಅಂತ ಕಾದೆ. ನೀನು ನೋಡಿದ್ರೆ ನೆಂಟ ನಿಂತಂಗೆ ನಿಂತಿದ್ದೆ."

ಕೂತ. ತಂಬಿಗೆ ಎತ್ತಿ ಸುರಿದ. ನೀರು ಬೀಳುತ್ತಿದ್ದ ಪಾದ ಬಿಟ್ಟು ಅಯ್ಯನವರ ಮುಖವನ್ನೇ ನೋಡಿದ. ಮೂಗು ಸೊಟ್ಟಗಾಗಬಹುದು, ಹುಬ್ಬು ಗಂಟಾಗಬಹುದು. ಅಯ್ಯನವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಕಣ್ಣು ಬಿಟ್ಟಾಗಲೂ ಮುಖ ಹಾಗೇ ಇತ್ತು. ವಿಭೂತಿಯಿಟ್ಟು, "ಒಳ್ಳೇದಾಗ್ಲಿ," ಎಂದರು. ಇಷ್ಟು ಸುಲಭವಾಗಿ ಮುಗಿಯಿತೇ ಎಂದು ಅವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ದಿಗಿಲಾಯಿತು.

ಊಟಕ್ಕೆ ಒಬ್ಬಟ್ಟು, ಕಾಯಿಹಾಲು. ಅಣ್ಣ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮುಂದಿನ ಸ್ಟೂಲಿನ ಮೇಲೆ ಎಲೆ ಹಾಕಿಸಿಕೊಂಡು ಕೂತಿದ್ದ. ಯಾರೂ ಪಂಕ್ತಿ ಬಿಟ್ಟು ಏಳಲಿಲ್ಲ. ಬಹಳ ವರ್ಷಗಳ ಮೇಲೆ ಮರುಳಸಿದ್ದಯ್ಯನಿಗೆ ಕೇಳುವ ಧೈರ್ಯ ಬಂತು.

"ಅಣ್ಣ, ನನ್ ಹತ್ರ ವಾಸ್ನೆ ಬತ್ತೈತಾ?"

"ಎಂಥಾ ವಾಸ್ನೆ?"

"ಮೀನಿಂದು. ಅವ್ವ ಮೂಸ್ತಿರಲಿಲ್ವಾ?"

ಶಂಭುಲಿಂಗಯ್ಯ ಹೆಂಡತಿಯ ಮುಖ ನೋಡಿದ. ಗಂಗಕ್ಕ ಕಾಯಿಹಾಲಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು.

"ಅವ್ವಂಗೆ ಮೂಗೆಲ್ಲಿತ್ಲಾ?" ಎಂದ ಅಣ್ಣ.

"ಅತ್ತೆಗೆ ವಾಸ್ನೇನೇ ತಿಳೀತಿರಲಿಲ್ಲ ಕಣಪ್ಪ," ಎಂದಳು ಗಂಗಕ್ಕ. "ನಾನು ಈ ಮನೆಗೆ ಬಂದಾಗ್ಲೇ ಹಂಗಿದ್ರು. ಹಾಲು ಸೀದು ಮನೆಯೆಲ್ಲ ಹೊಗೆಯಾದ್ರೂ ಒಲೆ ಮುಂದೇನೇ ಕೂತಿರೋರು. ಒಗ್ಗರಣೆ ಆಯ್ತೇನೇ ಅಂತ ನನ್ನ ಕೇಳೋರು."

"ಮತ್ತೆ ನನ್ನ ಕೈ?"

ಅಣ್ಣ ಎಲೆಯ ಮೇಲೆ ಬೆರಳಾಡಿಸಿದ. "ನೀನು ಓದಾಕೆ ಅಂತ ಹೋದ್ಮೇಲೆ ಮುಟ್ಟಾಕೆ ಎಲ್ಲಿ ಬಿಡ್ತಿದ್ದೆ? ತಲೆ ಸವರಾಕೆ ಬಂದ್ರೆ ಸರ್ಕಳ್ತಿದ್ದೆ. ಆ ನೆಪದಲ್ಲಿ ಹಿಡ್ಕತಿದ್ಲು. ನೀನು ಹೋದ್ಮೇಲೆ ಹೇಳ್ಕಂಡು ನಗೋಳು."

"ನಂಗೆ ಯಾರೂ ಹೇಳ್ಲಿಲ್ಲ."

"ನೀನ್ ಕೇಳಿದ್ದಾ?"

ಮುರಿದ ಒಬ್ಬಟ್ಟನ್ನು ಎಲೆಗೇ ಹಾಕಿದ. ಅಷ್ಟೂ ಶನಿವಾರಗಳು ನೆನಪಾದವು. ಅವ್ವ ಹಿಡಿದಷ್ಟು ಹೊತ್ತೂ ಅವನು ಕೈ ಎಳೆದುಕೊಳ್ಳುವುದು ಯಾವಾಗ ಎಂದೇ ಯೋಚಿಸುತ್ತಿದ್ದ. ಆ ಬಿಸಿ ಕೆನ್ನೆ ತನ್ನ ಅಂಗೈಗೆ ತಾಗಿದ್ದು ಒಮ್ಮೆಯೂ ಅವನ ಗಮನಕ್ಕೆ ಬಂದಿರಲಿಲ್ಲ. ಅಳಬೇಕೆನಿಸಿತು. ಪಂಕ್ತಿಯಲ್ಲಿ ಅಳುವುದು ಹೇಗೆಂದು ಗೊತ್ತಾಗದೆ ಎದ್ದುಬಿಟ್ಟ.

"ರೀ, ಎಲೆ ಬಿಟ್ಟು ಎಲ್ಲಿಗೆ?" ಎಂದಳು, ಹಿಂದಿನ ದಿನವೇ ಬಂದು ಬಡಿಸುತ್ತಿದ್ದ ಶಾಂತಕುಮಾರಿ.

"ಫೋನು ಅಲ್ಲೇ ಐತೆ."

ಅದೊಂದು ನೆಪವಾಗಿ ಬಾಯಿಗೆ ಬಂದಿತ್ತು. ಮೋಟರು ಮನೆಯ ಮುಂದೆ ನಿಂತು ಕಣ್ಣೊರೆಸಿಕೊಂಡಾಗ ಒಳಗೆ ನಿಜವಾಗಿಯೂ ಫೋನು ಬಡಿದುಕೊಳ್ಳುತ್ತಿತ್ತು. ಗೂಟದ ಮೇಲಿನ ಪ್ಯಾಂಟು ಅಲುಗುತ್ತಿತ್ತು.

"ಸಾರ್." ತಿಪ್ಪಯ್ಯನ ದನಿ ಬತ್ತಿತ್ತು. "ನೀವು ಹೋಗಿ ಸ್ವಲ್ಪ ಹೊತ್ಗೇ ಕರೆಂಟ್ ಹೋಯ್ತು ಸಾರ್. ಎಷ್ಟು ಸಲ ಮಾಡ್ದೆ. ಜನರೇಟರ್ ರೂಮಿನ ಬೀಗದಕೈ..."

ಫೋನಿನ ಜೊತೆಗೇ ಜೇಬಿನಿಂದ ಬಂದ ಬೀಗದಕೈ ಅವನ ಬೆರಳಿನಲ್ಲಿತ್ತು.

"ಬೀಗ ಒಡೀಬೇಕಾಗಿತ್ತು."

"ಒಡೀಲಾ ಅಂತ ಕೇಳಾಣ ಅಂತಾನೇ ಮಾಡ್ದೆ ಸಾರ್."

"ಮೇಲಿನ ಟ್ಯಾಂಕಿನ ನೀರು ಬಿಡ್ಲಿಲ್ವಾ?"

"ಅದೂ ಖಾಲಿಯಾಯ್ತು. ಬಿಂದಿಗೇಲಿ ಹುಯ್ದೆ, ಕೋಲಲ್ಲಿ ತಿರುವ್ದೆ. ನೀವೇ ಬಂದು ನೋಡಿ ಸಾರ್."

ಪಂಚೆಯಲ್ಲೇ ಬೈಕ್ ಹತ್ತಿದ. ದಾರಿಯ ಎರಡೂ ಕಡೆ ತೆಂಗು ಹಿಂದಕ್ಕೆ ಓಡುತ್ತಿತ್ತು. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು. ತಿಪ್ಪಯ್ಯನ ಮೇಲೆ ಮಾಡಿಕೊಳ್ಳೋಣವೆಂದರೆ ಅವನು ನಡೆಸಿದ್ದು ಇವನ ಮಾತನ್ನೇ. ಅವ್ವನ ಮೇಲೆ ಮಾಡಿಕೊಳ್ಳೋಣವೆಂದರೆ ಅವಳು ಕೈ ಹಿಡಿದದ್ದು ಬಿಟ್ಟು ಬೇರೇನೂ ಮಾಡಿರಲಿಲ್ಲ. ಅವಳು ಇನ್ನೂ ಹೊಸಿಲಲ್ಲಿ ಇದ್ದಾಳೇನೋ, ತಿರುಗಿ ಹೋಗಿ ಎರಡೂ ಕೈ ಕೊಟ್ಟು ಬರಲೇ ಎಂದು ಒಂದು ಹುಚ್ಚು ಯೋಚನೆ ಬಂದು, ಬೈಕು ತಾನಾಗಿ ನಿಧಾನವಾಯಿತು.

ತೊಟ್ಟಿಯ ನೀರು ನಿಂತಿತ್ತು. ತಳದಲ್ಲಿ ಮೊಟ್ಟೆಗಳು ಒಂದರ ಮೇಲೊಂದು ಬಿದ್ದು ಬೆಳ್ಳಗಾಗಿದ್ದವು. ತಿಪ್ಪಯ್ಯ ಒದ್ದೆ ಬಟ್ಟೆಯಲ್ಲಿ, ಕೈಯಲ್ಲಿ ಕೋಲು ಹಿಡಿದೇ, ದೂರ ನಿಂತಿದ್ದ. ಬೈಗುಳಕ್ಕೆ ಕಾಯುತ್ತಿದ್ದ.

ಮರುಳಸಿದ್ದಯ್ಯ ಪಂಚೆ ಎತ್ತಿ ಕಟ್ಟದೆ ತೊಟ್ಟಿಗೆ ಇಳಿದ. ತಳದಿಂದ ಎರಡೂ ಕೈ ತುಂಬ ಎತ್ತಿ ಮುಖಕ್ಕೆ ಒತ್ತಿಕೊಂಡ. ತಣ್ಣಗಿತ್ತು. ಉಸಿರು ಎಳೆದ. ಏನೂ ಇಲ್ಲ. ಹಣೆಯ ವಿಭೂತಿ ಕರಗಿ ಕಣ್ಣಿಗಿಳಿಯಿತು.

"ತಿಪ್ಪಯ್ಯ, ಬಾ ಇಲ್ಲಿ. ನನ್ ಕೈ ಮೂಸು."

"ಸಾರ್?"

"ವಾಸ್ನೆ ಬತ್ತೈತಾ ನೋಡು."

ಅವನು ಎರಡೂ ಕೈ ಚಾಚಿದ. ತಿಪ್ಪಯ್ಯ ಒಂದು ಹೆಜ್ಜೆ ಮುಂದಿಟ್ಟ, ನಿಂತ. ಅಧಿಕಾರಿಯ ಕೈ ಹಿಡಿಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಕೇಳದೆ ಏನೂ ಮುಟ್ಟಬೇಡ ಅಂದಿದ್ರಲ್ಲ ಸಾರ್," ಎಂದ, ತಲೆ ತಗ್ಗಿಸಿ.

ಅಷ್ಟರಲ್ಲಿ ಪಂಪು ಗುರ್ರೆಂದಿತು. ಕರೆಂಟ್ ಬಂದಿತ್ತು. ಪೈಪುಗಳು ಮೊದಲು ಗಾಳಿ ಉಗುಳಿ, ಆಮೇಲೆ ಓರೆಯಾಗಿ ನೀರು ಚಿಮ್ಮಿದವು. ತಳದ ಬಿಳಿ ಮೆಲ್ಲಗೆ ಕದಲಿ, ಮೇಲೆದ್ದು, ಅವನ ಮೊಣಕಾಲುಗಳನ್ನು ಬಳಸಿಕೊಂಡು ಸುತ್ತತೊಡಗಿತು. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸತ್ತ ಮೊಟ್ಟೆಗಳು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತಿಗೆ ಹೊರಟವು.