ಮೋಕ್ಷಾಳ ಮೊಣಕಾಲು, ಪಪ್ಪನ ಮೊಬೈಲು

ಸುರತ್ಕಲ್ಲಿನ ವಾರಿಜಾಕ್ಷಿಗೆ ಎರಡು ವಾರದಿಂದ ಒಂದೇ ಚಿಂತೆ. ಶಾಲೆಯ ಕಬಡ್ಡಿ ತಂಡದಲ್ಲಿ ರೈಡ್ ಮಾಡುವ ಹದಿಮೂರರ ಮಗಳು ಮೋಕ್ಷಾ ಪಂದ್ಯದ ದಿನ ಬಂತೆಂದರೆ ತಿಂಡಿ ಮುಟ್ಟುವುದಿಲ್ಲ. ಶನಿವಾರ ಬೆಳಿಗ್ಗೆ ನೋಡಿದರೆ, ಕೋಣೆಯ ಮೂಲೆಯಲ್ಲಿ ಕೂತು ಊದಿದ ಮೊಣಕಾಲಿಗೆ ಬಟ್ಟೆ ಬಿಗಿಯುತ್ತಿದ್ದಾಳೆ!

“ಎಂತ ಮಗಾ ಇದು?”

“ಪಪ್ಪನಿಗೆ ಹೇಳ್ಬೇಡಮ್ಮ. ಆಡದಿದ್ರೆ ಬೈತಾರೆ. ಆಡಿ ಔಟಾದ್ರೆ ಗ್ರೂಪಿಗೆ ಹಾಕ್ತಾರೆ.”

ವಾರಿಜಾಕ್ಷಿಯ ಗಂಡ ಬೋಜ ಬೈಕಂಪಾಡಿಯ ಕೆಲಸಕ್ಕೆ ರಜೆ ಹಾಕಿಯಾದರೂ ಪಂದ್ಯಕ್ಕೆ ಹೋಗುವವನು. ಗೆರೆಯ ಬದಿಯಲ್ಲಿ ನಿಂತು ಕಿರುಚುತ್ತಾನೆ. ಮಗಳು ಎದುರಾಳಿಗಳ ಕೈಗೆ ಸಿಕ್ಕಿಬಿದ್ದದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ದುಬೈಯಲ್ಲಿರುವ ಚಿಕ್ಕಪ್ಪಂದಿರು ಅದಕ್ಕೆ ನಗುತ್ತಾರೆ. ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಅದನ್ನು ತೋರಿಸುವ ಬಗೆ ಮಾತ್ರ ದೇವರಿಗೇ ಪ್ರೀತಿ.

ಹೇಳಿದರೆ ಮಗಳಿಗೆ ಬೇಸರ, ಹೇಳದಿದ್ದರೆ ಕಾಲಿನ ಗತಿ? ಮೈದಾನ ಮುಟ್ಟಿದ್ದೇ ತಡ, ವಾರಿಜಾಕ್ಷಿ ತಂಡಕ್ಕೆ ಕಲಿಸುವ ಬರ್ನಡೆಟ್ ಟೀಚರಿಗೆ ಎಲ್ಲ ಹೇಳಿಬಿಟ್ಟಳು. ಟೀಚರ್ ಮೊಣಕಾಲು ನೋಡಿದವರೇ, “ಇವತ್ತು ಆಡುದು ಬೇಡ” ಎಂದರು.

ಜೊತೆಗೇ ಬಂದಿದ್ದ ಬೋಜ ರೇಗಿದ. “ಇಷ್ಟಕ್ಕೆಲ್ಲ ಆಟ ಬಿಡ್ಲಿಕ್ಕೆ ಉಂಟಾ ಟೀಚರ್? ಹೆದರಿಕೆ ಇದ್ರೆ ಮಾತ್ರ ಮಕ್ಕಳು ಮುಂದೆ ಬರುದು.”

“ಇಲ್ಲ ಬೋಜಣ್ಣ, ಹೆದರಿಕೆ ಇದ್ರೆ ನೋವು ಅಡಗಿಸ್ತಾರೆ. ನನಗೂ ಹೇಳ್ಲಿಲ್ಲ ಅವಳು. ನಾನು ಕೇಳ್ಲೂ ಇಲ್ಲ, ಅದು ನನ್ನ ತಪ್ಪು. ತಪ್ಪಿದ್ರೆ ವಿಡಿಯೊ ನೋಡಿ ಯಾರೂ ನಗುದಿಲ್ಲ ಅಂತ ಗೊತ್ತಿದ್ರೇ ಮಕ್ಕಳು ಹೊಸತು ಕಲಿಯುದು. ನಾಳೆಯೂ ಆಡ್ಬೇಕು ಅಂತ ಅನ್ನಿಸುದು.”

“ಒಂದು ವಿಡಿಯೊಗೆ ಇಷ್ಟೆಲ್ಲ ಉಂಟಾ ಮಾರಾಯ್ರೆ?” ಬೋಜ ಮಗಳತ್ತ ತಿರುಗಿದ. “ನೀನೇ ಹೇಳು ಮಗಾ.”

ಮೋಕ್ಷಾ ನೆಲ ನೋಡುತ್ತಲೇ ಹೇಳಿದಳು:

“ರೈಡಿಗೆ ಹೋದಾಗ ನಾನು ಎದುರಿನವರನ್ನು ನೋಡುದಿಲ್ಲ ಪಪ್ಪ. ನಿಮ್ಮ ಮೊಬೈಲನ್ನೇ ನೋಡ್ತಾ ಇರ್ತೇನೆ.”

ಬೋಜ ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟ. ಮಗಳ ಎದುರು ಮಣ್ಣಿನಲ್ಲೇ ಕುಕ್ಕರಗಾಲಿನಲ್ಲಿ ಕೂತು, “ತುಂಬ ನೋಯ್ತದಾ ಮಗಾ?” ಎಂದ. ಇಷ್ಟು ಪಂದ್ಯಗಳಲ್ಲಿ ಅವನು ಈ ಮಾತು ಕೇಳಿದ್ದು ಇದೇ ಮೊದಲು. ಮೋಕ್ಷಾ ಹೌದೆಂದು ತಲೆಯಾಡಿಸಿ ಗಳಗಳನೆ ಅತ್ತಳು. ಅಪ್ಪ ಮಗಳು ಅಲ್ಲಿಂದ ನೇರ ಡಾಕ್ಟರ ಬಳಿಗೆ ಹೋದರು.

ಅಪ್ಪಂದಿರೇ, ಅಮ್ಮಂದಿರೇ, ಆಟ ಕಲಿಸುವವರೇ, ಮಗುವಿನ ತಪ್ಪನ್ನು ತಿದ್ದಿರಿ, ಆದರೆ ನಾಲ್ಕು ಜನರ ಮುಂದೆ ಆಡಿಕೊಳ್ಳಬೇಡಿ. “ನೋವಾಗ್ತಿದೆ”, “ಭಯ ಆಗ್ತಿದೆ” ಎಂದು ನಿಮ್ಮ ಮಗು ನಿಮ್ಮೆದುರು ಹೇಳಬಲ್ಲದೇ? ಗೊತ್ತಿಲ್ಲವಾದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಅದು ಹೇಳಿ ಮುಗಿಸುವವರೆಗೆ ನೀವು ಸುಮ್ಮನಿರಿ.