ಕರಡಿಗೆಯೊಳಗಿನ ಕಲ್ಲು

ಮಾರ್ಗಶಿರದ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅಯ್ಯನವರು ಮಲ್ಲಕ್ಕನ ಕೊರಳಿನ ಶಿವದಾರ ಬಿಚ್ಚುತ್ತಿದ್ದರು. ಗಂಟು ಬಿಗಿಯಾಗಿತ್ತು. ಮೈತೊಳೆದು, ಹಣೆತುಂಬ ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ಮಲ್ಲಕ್ಕ ಯಾರದೋ ಮಾತು ಕೇಳುತ್ತ ಕುಳಿತವಳಂತೆ ಕಾಣುತ್ತಿದ್ದಳು. ಎಡಗೈಯಲ್ಲಿ ಇಷ್ಟಲಿಂಗ ಇಟ್ಟರೆ, ಹೊಲದಲ್ಲಿ ತೋಡಿದ ಕುಣಿಗೆ ಹೊರಡುವುದಷ್ಟೇ ಉಳಿದಿತ್ತು.

ಅಯ್ಯನವರು ಶಿವದಾರದಲ್ಲಿದ್ದ ಲಿಂಗದ ಕರಡಿಗೆಯ ಮುಚ್ಚಳ ತೆಗೆದರು. ತೆಗೆದವರು ಹಾಗೇ ಕುಳಿತುಬಿಟ್ಟರು.

ಒಳಗಿದ್ದದ್ದು ಲಿಂಗವಲ್ಲ. ಒಂದು ಬೂದು ಕಲ್ಲು.

ಭಜನೆಯವರ ತಾಳ ನಿಂತಿತು.

"ಅನ್ನವ್ವಾ, ಏನವಾ ಇದು?"

ಮಗಳು ಅನ್ನವ್ವ ಬಗ್ಗಿ ನೋಡಿದಳು. ಕೈಯಲ್ಲಿದ್ದ ಪತ್ರಿಯ ತಟ್ಟೆ ವಾಲಿ ಎಲೆಗಳು ನೆಲಕ್ಕೆ ಬಿದ್ದವು. "ನನಗ ಗೊತ್ತಿಲ್ರೀ ಅಯ್ಯಾರ. ಕಾಶ್ಮೀರದಿಂದ ಬಂದಾಗಿಂದ ಅವ್ವ ಕದಾ ಹಾಕ್ಕೊಂಡು ಪೂಜಿ ಮಾಡತಿದ್ಲು. ಉಣ್ಣೂದೂ ಒಬ್ಬಾಕೀನ, ದನದ ಕೊಟಗ್ಯಾಗ. ನಮ್ಮ ಸಾಲಿನ್ಯಾಗ ಕೂಡ್ತಿರಲಿಲ್ಲ."

"ಅಮರನಾಥ ನೋಡಿ ಬಂದಾಕಿ, ನಮ್ಮಂಥಾರ ಕೂಡ ಹೆಂಗ ಉಂಡಾಳು ಅಂತ ನಾವೆಲ್ಲ ನಗ್ಯಾಡಿದ್ವಿ," ಎಂದಳು ಬಾಜು ಮನೆಯ ಸಾವಂತ್ರೆವ್ವ. ಅಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊಸ್ತಿಲ ಹೊರಗೆ ನಿಂತಿದ್ದ ಈರಬಸಪ್ಪ ಒಳಗೆ ಬಂದಿರಲಿಲ್ಲ. ಅವನ ತಾಯಿ ಮಹಾದೇವಕ್ಕನೂ ಮಲ್ಲಕ್ಕನೂ ಸಣ್ಣಂದಿನ ಗೆಳತಿಯರು. ಮಲ್ಲಕ್ಕನನ್ನು ಅವನು ಚಿಗವ್ವ ಎಂದೇ ಕರೆದು ಬೆಳೆದವನು. ಹೋದ ಶ್ರಾವಣದಲ್ಲಿ ಅವಳನ್ನೇ ನಂಬಿ ತಾಯಿಯನ್ನು ಯಾತ್ರೆಗೆ ಕಳಿಸಿದ್ದ. ಮಹಾದೇವಕ್ಕ ಆ ಗುಡ್ಡದ ಸೀಮೆಯಲ್ಲೇ ತೀರಿಕೊಂಡಳು. ಮಲ್ಲಕ್ಕ ಗೆಳತಿಯಿಲ್ಲದೆ ಬಸ್ಸಿನಿಂದ ಇಳಿದ ದಿನದಿಂದ ಅವನು ಅವಳ ಕೂಡ ಮಾತು ಬಿಟ್ಟಿದ್ದ.

"ಈಗ ತಿಳೀತಲ್ಲ," ಎಂದ ಈರಬಸಪ್ಪ. "ಲಿಂಗ ಕಳಕೊಂಡು ಬಂದು ಕಲ್ಲು ಕಟಗೊಂಡು ತಿರಗ್ಯಾಳ. ನಮ್ಮವ್ವನ್ನ ಬಿಟ್ಟು ಬಂದಾಕಿ, ಲಿಂಗ ಉಳಿಸ್ಕೊಂಡಾಳು?"



"ಲಿಂಗ ಇಲ್ಲದ ದೇಹಕ್ಕ ನಾ ಹೆಂಗ ಕ್ರಿಯಾ ಮಾಡ್ಲಿ?" ಎಂದರು ಅಯ್ಯನವರು, ತಮ್ಮಷ್ಟಕ್ಕೇ ಎನ್ನುವಂತೆ.

"ಮಠದಿಂದ ಒಂದು ತರಸೂಣ್ರಿ ಅಯ್ಯಾರ," ಎಂದಳು ಅನ್ನವ್ವ.

"ಹೊಸಾ ಲಿಂಗ ಕಟ್ಟಬೇಕಂದ್ರ ಕಿವ್ಯಾಗ ಮಂತ್ರ ಹೇಳಿ ದೀಕ್ಷಾ ಕೊಡಬೇಕವಾ. ಸತ್ತಾಕಿಗೆ ದೀಕ್ಷಾ ಹೆಂಗ ಕೊಡ್ಲಿ?"

"ಹಂಗಾದ್ರ ನಮ್ಮವ್ವ ಹಿಂಗ ಹೋಗಬೇಕೇನ್ರಿ? ಬರೇ ಕೈಲೆ?"

ಬಿಸಿಲು ಪಡಸಾಲೆಯ ಅಂಚಿಗೆ ಬಂದಿತ್ತು.

ಅಂಗಳದ ಬೇವಿನ ಕೆಳಗೆ ಕಂಬಳಿ ಹೊದ್ದು ಕೂತಿದ್ದ ಉಡಚಪ್ಪ ಎದ್ದು ಬಂದ. ಕುರಿ ಕಾಯುವವನು. ಯಾತ್ರೆಗೆ ಆ ಇಬ್ಬರ ಜೊತೆ ಹೋಗಿದ್ದವನು ಅವನೊಬ್ಬನೇ.

"ನನ್ನ ಕಡಿಂದ ಆಣಿ ಮಾಡಿಸ್ಯಾಳ. ಬಾಯಿ ಬಿಡಬಾರದು ನಾ," ಎಂದ. "ಆದ್ರ ಉತ್ತರಾ ಕೊಡಾಕ ಬರದಾಕೀನ ಎದುರಿಗೆ ಕೂಡ್ಸ್ಕೊಂಡು ಹಿಂಗ ಅಂದ್ರ, ನಾ ಸುಮ್ಮ ಹೆಂಗಿರ್ಲಿ? ಈರಬಸ್ಯಾ, ತಮ್ಮಾ, ಒಳಗ ಬಂದು ಕೂಡು. ನಿಂತು ಕೇಳೂ ಮಾತಲ್ಲ ಇದು."

* * *

ಜಮ್ಮು ದಾಟಿದ ಮೇಲೆ ತಿರುವಿಗೊಮ್ಮೆ ಮಿಲಿಟರಿಯವರು ಬಸ್ಸು ನಿಲ್ಲಿಸುತ್ತಿದ್ದರು. ಶ್ರೀನಗರದ ಕಡೆ ಬಾಂಬು ಸಿಡಿದಿದೆ, ಅಂಗಡಿ ಬಂದಾಗಿವೆ ಎಂದು ಡ್ರೈವರ್ ಹೇಳಿದ. ಕಿಟಕಿಗೆ ಬಂದೂಕು ತಾಗುವಷ್ಟು ಹತ್ತಿರ ಹುಡುಗರು ನಿಂತಿದ್ದರು.

"ಇಷ್ಟು ಬಂದೂಕು ನಮ್ಮ ಜ್ವಾಳದ ಹೊಲಾ ಕಾದಿದ್ರ ಒಂದ ಗಿಳೀನೂ ತೆನಿ ಮುಟ್ಟತಿರಲಿಲ್ಲ ನೋಡ," ಎಂದಳು ಮಹಾದೇವಕ್ಕ. ಮಲ್ಲಕ್ಕ ಅವಳ ತೊಡೆ ಚಿವುಟಿದಳು. ಇಬ್ಬರೂ ನಕ್ಕರು.

ಹಿಮದ ಲಿಂಗ ನೋಡಿ ಕೆಳಗೆ ಇಳಿದ ದಿನ ಹೊಳೆಯಲ್ಲಿ ಮಿಂದರು. ಮಹಾದೇವಕ್ಕನ ಬೆಳ್ಳಿಯ ಕರಡಿಗೆ ಊರಲ್ಲೇ ಉಳಿದಿತ್ತು. ದಾರಿಯಲ್ಲಿ ಗಲಾಟೆ ಇದೆಯಂತೆ, ಬೆಳ್ಳಿ ಕಂಡರೆ ಕೊರಳಿಗೇ ಕೈ ಹಾಕುತ್ತಾರೆ ಎಂದು ಮಗ ಬಿಚ್ಚಿಸಿ ಇಟ್ಟುಕೊಂಡು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದ. ನೀರಿನ ಸೆಳವಿಗೆ ಆ ಬಟ್ಟೆ ಲಿಂಗದ ಸಮೇತ ಜಾರಿ ಹೋಯಿತು.

ಮಂಜುಗಡ್ಡೆ ಕರಗಿ ಹರಿಯುವ ನೀರು. ಅದರಲ್ಲಿ ಅವಳು ಕತ್ತಲಾಗುವ ತನಕ ಹುಡುಕಿದಳು. ಉಡಚಪ್ಪ ರಟ್ಟೆ ಹಿಡಿದು ಎಳೆದರೂ ಬರಲಿಲ್ಲ. ಕಡೆಗೆ ಬಂದಾಗ ಅವಳ ಹಲ್ಲು ಕಟ್ಟಿದ್ದವು. ಮರುದಿನ ಹಾದಿಯ ಬದಿಯ ಹಳ್ಳಿಯೊಂದರಲ್ಲಿ, ಕರ್ಫ್ಯೂ ಎಂದು ಬಸ್ಸು ನಿಂತಲ್ಲಿ, ಜೀವ ಹೋಯಿತು.

ಹೋಗುವ ಮುಂಚೆ ಮಲ್ಲಕ್ಕನ ಕೈ ಹಿಡಿದಿದ್ದಳು. "ಈರಬಸ್ಯಾಗ ಹೇಳಬ್ಯಾಡ. ಕರಡಿಗಿ ಬಿಚ್ಚಿಸಿದಾಂವ ಅಂವ. ತಿಳದ್ರ ಜೀವಾ ಇಟಗೊಳ್ಳಾಂಗಿಲ್ಲ."

ಹೆಣ ಒಯ್ಯಲು ದಾರಿ ತೆರೆದಿರಲಿಲ್ಲ. ಆ ಹಳ್ಳಿಯ ಮುದುಕನೊಬ್ಬ ತನ್ನ ಅಕ್ರೋಟ ಮರದ ಕೆಳಗೆ ಜಾಗ ತೋರಿಸಿದ. ಅವನ ಮಕ್ಕಳು ತಮ್ಮ ರೂಢಿಯಂತೆ ಉದ್ದಕ್ಕೆ ಅಗೆದರು. ಭಾಷೆ ಬಾರದ ಮಲ್ಲಕ್ಕ ಆ ಕುಣಿಯ ಬಾಜು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಡಗೈ ಚಾಚಿ ತೋರಿಸಿದಳು. ಮುದುಕ ಬಹಳ ಹೊತ್ತು ನೋಡಿದ. ಆಮೇಲೆ ಮಕ್ಕಳಿಗೆ ಏನೋ ಹೇಳಿದ. ಅವರು ಮತ್ತೆ ಇಳಿದು ಆಳ ಮಾಡಿದರು.

ಮಹಾದೇವಕ್ಕನನ್ನು ಕೂಡಿಸಿದ ಮೇಲೆ ಮಲ್ಲಕ್ಕ ತನ್ನ ಕರಡಿಗೆ ತೆರೆದಳು.

* * *

"ತನ್ನ ಲಿಂಗ ಆಕಿ ಕೈಯಾಗ ಇಟ್ಲು," ಎಂದ ಉಡಚಪ್ಪ. "ಕುಣಿ ಮುಚ್ಚಿದ ಮ್ಯಾಲ ಮಣ್ಣಿನ್ಯಾಗಿಂದ ಈ ಕಲ್ಲು ತಗೊಂಡು ಕರಡಿಗ್ಯಾಗ ಹಾಕ್ಕೊಂಡ್ಲು. ಊರಿಗೆ ಹೋದ ಮ್ಯಾಲ ಅಯ್ಯಾರ ಕಡಿಂದ ಹೊಸಾದು ಕಟ್ಟಿಸ್ಕೋ ಅಂದೆ. ಹಳೇದು ಎಲ್ಲಿ ಅಂತ ಕೇಳ್ತಾರಲೋ ಅಂದ್ಲು."

ಒಳಗೆ ಬಾರದ ಈರಬಸಪ್ಪನ ಕೈ ಇನ್ನೂ ಬಾಗಿಲ ಚೌಕಟ್ಟಿನ ಮೇಲೇ ಇತ್ತು. ಮಲ್ಲಕ್ಕ ಬಸ್ಸಿನಿಂದ ಇಳಿದ ದಿನ ಅವನು ಕೇಳಿದ್ದ ಒಂದೇ ಮಾತು ನೆನಪಾಯಿತು: ಅವ್ವನ ಕೈಯಾಗ ಲಿಂಗ ಇಟ್ರೇನು? ಇಟ್ಟೇನಪಾ, ನನ್ನ ಕೈಲೇ ಇಟ್ಟೇನಿ, ಎಂದಿದ್ದಳು ಮಲ್ಲಕ್ಕ.

ಅವನು ಮನೆಗೆ ನಡೆದ. ತಿರುಗಿ ಬರುವಾಗ ಕೈಯಲ್ಲಿ ತಾಯಿಯ ಬೆಳ್ಳಿಯ ಕರಡಿಗೆ ಇತ್ತು. ಮಲ್ಲಕ್ಕನ ಮುಂದೆ ಕೂತು ತನ್ನ ಕೊರಳಿನ ಶಿವದಾರ ಬಿಚ್ಚತೊಡಗಿದ.

"ಈರಬಸಪ್ಪಾ, ಏನ ಮಾಡಾಕತ್ತೀ?" ಎಂದರು ಅಯ್ಯನವರು.

"ಸತ್ತಾಕಿಗೆ ದೀಕ್ಷಾ ಕೊಡಾಕ ಬರೂದಿಲ್ಲ ಅಂದ್ರಿ. ನಾ ಜೀವಂತ ಅದೀನಲ್ರಿ. ನನಗ ಕೊಡಬಹುದು."

ಅಯ್ಯನವರು ಕಣ್ಣು ಮುಚ್ಚಿ ತೆರೆದರು. "ಹುಣ್ಣಿವಿ ದಿನಾ ಮಠಕ್ಕ ಬಾ. ಅಲ್ಲೀತನಾ ನೀ ಲಿಂಗ ಇಲ್ಲದಾಂವ, ಸಾಲಿನ್ಯಾಗ ಕೂತು ಉಣ್ಣಬ್ಯಾಡ."

ಈರಬಸಪ್ಪ ತನ್ನ ಲಿಂಗವನ್ನು ಮಲ್ಲಕ್ಕನ ಎಡ ಅಂಗೈಯಲ್ಲಿ ಇಟ್ಟು, ಬಿಗಿದುಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದ.

"ಹಿಡಕೋ ಚಿಗವ್ವಾ," ಎಂದ.

ಆ ಬೂದು ಕಲ್ಲನ್ನು ಬೆಳ್ಳಿಯ ಕರಡಿಗೆಯಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡ.

ಹೊತ್ತು ಮುಳುಗುವ ಮುಂಚೆ ಮಣ್ಣು ಮುಗಿಯಿತು. ಮಿಂದು ಬಂದವರು ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ಈರಬಸಪ್ಪ ಒಂದು ರೊಟ್ಟಿ, ಒಂದಿಷ್ಟು ಪಲ್ಯ ಇಸಿದುಕೊಂಡು ಕೊಟ್ಟಿಗೆಗೆ ಹೋದ. ಮೇವಿನ ಗ್ವಾದಲಿಯ ಬಾಜು ಮಲ್ಲಕ್ಕ ಕೂರುತ್ತಿದ್ದ ಹರಕು ಚೀಲ ಹಾಸಿದಂತೆಯೇ ಇತ್ತು. ಅವನು ಅದರ ಮೇಲೆ ಕುಳಿತು ರೊಟ್ಟಿ ಮುರಿದ. ಸಪ್ಪಳ ಕೇಳಿದ್ದೇ ಕತ್ತಲೊಳಗಿನಿಂದ ಎಮ್ಮೆ ಮೂತಿ ಚಾಚಿ, ದಿನಾ ಸಿಗುವ ತುಣುಕಿಗಾಗಿ ಅವನ ಕೈ ಮೂಸಿತು. ಮಲ್ಲಕ್ಕ ಹೋದ ಮೇಲೆ ಅದಕ್ಕೆ ಇನ್ನೂ ಯಾರೂ ಏನೂ ಕೊಟ್ಟಿರಲಿಲ್ಲ.